ಖಾಸಗಿ ಕೊಳವೆಬಾವಿ: ನೀರಿನ ಪರೀಕ್ಷೆ ಯಾರ ಹೊಣೆ?

ಕೊಳವೆಬಾವಿ ಕೊರೆಸಿದವರನ್ನು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಎಷ್ಟು ಅಡಿಗೆ ನೀರು ಬಿತ್ತು? ಎಷ್ಟು ಇಂಚು ಬಿತ್ತು? ಎಂಟುನೂರು ಅಡಿಗೆ ಎರಡೂವರೆ ಇಂಚು ಎಂದರೆ ಕೇಳಿದವರು 'ಪುಣ್ಯವಂತರು' ಎಂದು ತಲೆದೂಗುತ್ತಾರೆ. ಸಾವಿರದ ಇನ್ನೂರು ಅಡಿ ಇಳಿದರೂ ಬರೀ ಧೂಳು ಎಂದರೆ ಮರುಗುತ್ತಾರೆ. ಬಿದ್ದ ನೀರಿನಲ್ಲಿ ಏನೇನಿದೆ ಎಂದು ಕೇಳುವವರು ಮಾತ್ರ ಅಪರೂಪ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಜಲದ ಸೆಲೆ ತೋರಿಸುವವರಿಂದ ಆರಂಭಿಸಿ ಕೊರೆಯುವ ಲಾರಿ, ಕೇಸಿಂಗ್ ಪೈಪು, ಮೋಟಾರು, ಗಂಗಾಪೂಜೆಯವರೆಗೆ ಲಕ್ಷಾಂತರ ರೂಪಾಯಿ ವೆಚ್ಚ ಮಾಡುವ ಕುಟುಂಬವೊಂದು ಆ ನೀರಿನ ಪರೀಕ್ಷೆಗೆಂದು ಒಂದು ದಿನವನ್ನೂ ಒಂದಿಷ್ಟು ಹಣವನ್ನೂ ತೆಗೆದಿಡುವುದಿಲ್ಲ.

ಸರಕಾರಿ ನಲ್ಲಿಯ ನೀರಿಗೆ ಹೇಳುವ ಕೇಳುವ ವ್ಯವಸ್ಥೆಯೊಂದಿದೆ. ಅದು ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದು ಬೇರೆ ಮಾತು. ಆದರೆ ನಡೆಯದಿದ್ದರೆ ಯಾರನ್ನು ಪ್ರಶ್ನಿಸಬೇಕೆಂಬುದಾದರೂ ಗೊತ್ತಿದೆ. ಖಾಸಗಿ ಬಾವಿಗೆ ಅಂಥ ಯಾವ ಹೊಣೆಗಾರರೂ ಇಲ್ಲ. ಅದು ಮಾಲೀಕನ ಸೊತ್ತು, ಮಾಲೀಕನ ಅದೃಷ್ಟ. ಕುಡಿಯುವವರು ಬಾಡಿಗೆದಾರರಾಗಿರಬಹುದು, ಪಿ.ಜಿ.ಯಲ್ಲಿರುವ ವಿದ್ಯಾರ್ಥಿಗಳಾಗಿರಬಹುದು, ಬಡಾವಣೆಯ ನೂರು ಮನೆಗಳವರಾಗಿರಬಹುದು. ರಾಜ್ಯದ ನಗರಗಳು ಕಾವೇರಿ, ತುಂಗಭದ್ರೆಗಳ ಕೊಳವೆ ತಲುಪುವುದಕ್ಕಿಂತ ಎಷ್ಟೋ ವೇಗವಾಗಿ ಹಬ್ಬುತ್ತಿರುವ ಈ ದಿನಗಳಲ್ಲಿ ಇದು ಹಳ್ಳಿಯ ಸಮಸ್ಯೆಯಾಗಿ ಮಾತ್ರ ಉಳಿದಿಲ್ಲ.

ಆಳದ ನೀರು ಶುದ್ಧವೆಂಬ ನಂಬಿಕೆ

ಈ ನಿರ್ಲಕ್ಷ್ಯಕ್ಕೆ ಒಂದು ಇತಿಹಾಸವಿದೆ. ಮೆಟ್ಟಿಲುಬಾವಿ, ಕೆರೆಗಳ ನೀರಿನಿಂದ ಕಾಲರಾ, ಕರುಳುಬೇನೆ ಹರಡುತ್ತಿದ್ದ ಕಾಲದಲ್ಲಿ ಕೊಳವೆಬಾವಿ ಮತ್ತು ಕೈಪಂಪು ನಿಜಕ್ಕೂ ವರದಾನವಾಗಿ ಬಂದವು. ಗುಲ್ಬರ್ಗ, ಬಿಜಾಪುರ ಸೀಮೆಯ ಹಿರಿಯರಿಗೆ ನಾರುಹುಣ್ಣಿನ ನೆನಪಿರಬಹುದು. ಕಾಲಿನಿಂದ ದಾರದಂಥ ಹುಳು ಹೊರಬರುತ್ತಿದ್ದ ಆ ರೋಗ ನಾಡಿನಿಂದ ತೊಲಗಿದ್ದರಲ್ಲಿ, 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ದೇಶವೆಂದು ಘೋಷಿತವಾದುದರಲ್ಲಿ, ಸುರಕ್ಷಿತ ನೀರಿನ ಮೂಲಗಳ ಪಾತ್ರ ದೊಡ್ಡದು. ಕಣ್ಣಿಗೆ ತಿಳಿಯಾಗಿ, ಮುಟ್ಟಿದರೆ ತಣ್ಣಗಾಗಿ, ಯಾವ ಕೊಳೆಯೂ ಸೋಕದೆ ನೆಲದಾಳದಿಂದ ಮೇಲೆ ಬರುವ ನೀರು ಶುದ್ಧವೆಂಬ ಭಾವನೆ ಹೀಗೆ ಬೇರೂರಿತು.

ರೋಗಾಣುಗಳ ಮಟ್ಟಿಗೆ ಅದು ಬಹುಪಾಲು ಸರಿ. ಖನಿಜಗಳ ಮಟ್ಟಿಗೆ ಸರಿಯಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಯುರೇನಿಯಂ ಹಾಗೂ ಆರ್ಸೆನಿಕ್‌ಗಳ ಕಥೆಯೂ ಅಷ್ಟೇ. ಇವು ಯಾವ ಕಾರ್ಖಾನೆಯೂ ಸುರಿದ ವಿಷವಲ್ಲ. ಆದ್ದರಿಂದ ಬೈಯಲು ಯಾರೂ ಸಿಗುವುದಿಲ್ಲ, ಪ್ರತಿಭಟನೆ ನಡೆಯುವುದಿಲ್ಲ, ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿಯೂ ಆಗುವುದಿಲ್ಲ. ನಾವು ನಿಂತಿರುವ ಬಂಡೆಯೇ ಅವುಗಳ ಮೂಲ.

ಆ ಬಂಡೆಯ ಬಗ್ಗೆ ನಾಲ್ಕು ಮಾತು ಅಗತ್ಯ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. 'ಶೋಲೆ' ಚಿತ್ರದಲ್ಲಿ ದೇಶವೆಲ್ಲ ಕಂಡ ಅಲ್ಲಿನ ಬೆಟ್ಟಗಳನ್ನು ಭೂವಿಜ್ಞಾನಿಗಳು ಕರೆಯುವುದು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಈ ಶಿಲೆ ರಾಮನಗರದ ಆಸುಪಾಸಿಗಷ್ಟೇ ಸೀಮಿತವಲ್ಲ. ರಾಜ್ಯದ ದಕ್ಷಿಣದಿಂದ ತುಮಕೂರು, ಚಿತ್ರದುರ್ಗಗಳ ಪೂರ್ವಭಾಗವನ್ನು ಹಾದು ಬಳ್ಳಾರಿಯ ಕಡೆಗೆ ನೂರಾರು ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಹಬ್ಬಿದೆ. ಅದರ ಇಕ್ಕೆಲಗಳಲ್ಲಿ ಅದಕ್ಕಿಂತಲೂ ಹಳೆಯ ನೈಸ್ ಶಿಲೆ ಇದೆ. ಈ ಶಿಲೆಗಳಲ್ಲಿರುವ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಗ್ರಾನೈಟುಗಳಲ್ಲಿ ಯುರೇನಿಯಂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಮಳೆನೀರು ಬಿರುಕುಗಳಲ್ಲಿ ಇಳಿದು ವರ್ಷಗಟ್ಟಲೆ, ಕೆಲವೊಮ್ಮೆ ಶತಮಾನಗಳ ಕಾಲ ನಿಂತಾಗ ಇವು ನಿಧಾನವಾಗಿ ಕರಗುತ್ತವೆ.

ನಮ್ಮ ಮುತ್ತಜ್ಜಂದಿರು ಇದೇ ಬಂಡೆಯ ಮೇಲೆ ಬದುಕಿದ್ದರಲ್ಲ ಎಂದು ಕೇಳಬಹುದು. ಬದುಕಿದ್ದರು ನಿಜ. ಆದರೆ ಅವರು ಕುಡಿದದ್ದು ಮೂವತ್ತು ನಲವತ್ತು ಅಡಿಯ ತೆರೆದ ಬಾವಿಯ ನೀರು, ಪ್ರತಿ ಮಳೆಗಾಲದಲ್ಲೂ ಹೊಸದಾಗಿ ತುಂಬುತ್ತಿದ್ದ ನೀರು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಈಗ ಸಾವಿರ, ಸಾವಿರದ ಐನೂರು ಅಡಿಗಳಿಂದ ಎತ್ತುತ್ತಿರುವುದು ಬಹುಕಾಲ ಕಲ್ಲಿನೊಡನೆ ಸಂಸಾರ ಮಾಡಿದ ನೀರು. ಅಡಿಗಳ ಲೆಕ್ಕದಲ್ಲಿ ನಾವು ಹೆಚ್ಚು ಆಳಕ್ಕೆ ಇಳಿದಷ್ಟೂ ಕಾಲದ ಲೆಕ್ಕದಲ್ಲಿ ಹೆಚ್ಚು ಹಿಂದಕ್ಕೆ ಹೋಗುತ್ತಿದ್ದೇವೆ ಎನ್ನಲಡ್ಡಿಯಿಲ್ಲ.

ಇನ್ನೊಂದು ಸಂಗತಿ ಹೆಚ್ಚು ಮೋಸದ್ದು. ಬೇಳೆ ಬೇಗ ಬೆಂದರೆ, ಸಾಬೂನು ಚೆನ್ನಾಗಿ ನೊರೆ ಕೊಟ್ಟರೆ ಅದು ಒಳ್ಳೆಯ ನೀರು ಎಂಬುದು ನಮ್ಮ ಮನೆಗಳ ಹಿರಿಯ ಹೆಂಗಸರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಪರೀಕ್ಷೆ. ಗಡಸುತನವನ್ನು ಅಳೆಯಲು ಅದಕ್ಕಿಂತ ಸರಳ ಉಪಾಯವಿಲ್ಲ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಾದ ನೀರಿನಲ್ಲಿ ಅದು ಕರಗಿಯೇ ಉಳಿಯುತ್ತದೆ. ಎಂದರೆ ಬೇಳೆ ಚೆನ್ನಾಗಿ ಬೇಯಿಸುವ ಮೆದು ನೀರೇ ಹೆಚ್ಚು ಫ್ಲೋರೈಡ್ ಹೊತ್ತ ನೀರಾಗಿರುವ ಸಾಧ್ಯತೆ ಉಂಟು. ಅಡುಗೆಮನೆಯ ಪರೀಕ್ಷೆಯಲ್ಲಿ ಪಾಸಾದ ನೀರು ಪ್ರಯೋಗಾಲಯದಲ್ಲಿ ನಪಾಸಾಗಬಹುದು.

ಹಲ್ಲು, ಮೂಳೆ, ಮೂತ್ರಪಿಂಡ

ಫ್ಲೋರೈಡ್ ನಮಗೆ ಹೊಸ ಶತ್ರುವಲ್ಲ. ಭಾರತದಲ್ಲಿ ಫ್ಲೋರೋಸಿಸ್ ಮೊದಲ ಬಾರಿಗೆ ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ತಾಲ್ಲೂಕುಗಳ ಹೆಸರು ಈ ರೋಗದೊಡನೆ ದಶಕಗಳಿಂದ ಅಂಟಿಕೊಂಡಿದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದರೆ ಮೊದಲ ಗುರುತು ಕಾಣುವುದು ಮಕ್ಕಳ ಹಲ್ಲಿನಲ್ಲಿ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಲೆಕ್ಕ ಆ ಹಲ್ಲುಗಳು ಮೂಡಿ ಬಂದಾಗ ಹಳದಿ, ಕಂದು ಪಟ್ಟೆಗಳಾಗಿ ಬಯಲಾಗುತ್ತದೆ. ಆ ಹೊತ್ತಿಗೆ ನೀರು ಬದಲಿಸಿದರೂ ಆ ಹಲ್ಲು ಸರಿಹೋಗದು. ಪ್ರಮಾಣ ಇನ್ನಷ್ಟು ಏರಿದಲ್ಲಿ, ಸೇವನೆ ಹಲವು ವರ್ಷ ಮುಂದುವರಿದಲ್ಲಿ, ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ವಯಸ್ಸಾಯಿತು, ಸಂಧಿವಾತ ಎಂದು ಮಾತ್ರೆ ನುಂಗುತ್ತ ಕಾಲ ಕಳೆಯುವವರಲ್ಲಿ ಎಷ್ಟು ಮಂದಿಯ ನೋವಿನ ಬೇರು ಬಾವಿಯಲ್ಲಿದೆಯೋ, ಪರೀಕ್ಷೆಯಿಲ್ಲದೆ ಹೇಳುವುದು ಹೇಗೆ?

ಯುರೇನಿಯಂ ಕಥೆ ಸ್ವಲ್ಪ ಭಿನ್ನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚ ಹವಾಮಾನ ಬದಲಾವಣೆ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳಲ್ಲಿ ಕುಡಿಯಲು ಬಳಸುವ ಅಂತರ್ಜಲವನ್ನು ಪರಿಶೀಲಿಸಿ 2021ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 57 ಹಳ್ಳಿಗಳ ನೀರು ಆ ಮಿತಿಯನ್ನು ದಾಟಿತ್ತು. ನಮ್ಮದೇ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದ್ದ 60 ಮೈಕ್ರೋಗ್ರಾಂನ ಉದಾರ ಮಿತಿಯನ್ನೂ 48 ಹಳ್ಳಿಗಳು ಮೀರಿದ್ದವು. ಕೆಲವೆಡೆ ಸಾವಿರ ಮೈಕ್ರೋಗ್ರಾಂಗೂ ಹೆಚ್ಚು ಕಂಡುಬಂದಿತು.

ಹೆಸರು ಕೇಳಿದೊಡನೆ ಅಣುಬಾಂಬು ನೆನಪಾಗಿ ಬೆಚ್ಚಿಬೀಳುವವರಿಗೆ ಒಂದು ಸಮಾಧಾನ ಹೇಳಬೇಕು. ಕುಡಿಯುವ ನೀರಿನಲ್ಲಿರುವ ಯುರೇನಿಯಂನಿಂದ ಮುಖ್ಯ ಅಪಾಯ ವಿಕಿರಣದ್ದಲ್ಲ. ಭಾರಲೋಹವಾಗಿ ಅದು ಮೂತ್ರಪಿಂಡದ ಮೇಲೆ ಮಾಡುವ ರಾಸಾಯನಿಕ ಪರಿಣಾಮವೇ ಹೆಚ್ಚು ಚಿಂತೆಯ ವಿಷಯ. ಮಿತಿ ದಾಟಿದ ನೀರು ಕುಡಿದವರೆಲ್ಲ ರೋಗಿಗಳಾಗುವುದೂ ಇಲ್ಲ. 2004ರಲ್ಲಿ 15 ಇದ್ದ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಆಮೇಲೆ 30ಕ್ಕೆ ಏರಿಸಿತು, ಅದನ್ನೂ ತಾತ್ಕಾಲಿಕವೆಂದೇ ಕರೆದಿದೆ. ವಿಜ್ಞಾನ ಇನ್ನೂ ಕಲಿಯುತ್ತಿರುವ ಕ್ಷೇತ್ರವಿದು. ಆದರೆ ಮಿತಿ ಮೂವತ್ತೋ ಅರವತ್ತೋ ಎಂಬ ಚರ್ಚೆ, ಸಾವಿರ ದಾಟಿದ ಬಾವಿಯ ನೀರು ಕುಡಿಯುವ ಮನೆಗೆ ಯಾವ ಸಮಾಧಾನವನ್ನೂ ಕೊಡದು.

ಆರ್ಸೆನಿಕ್ ಎಂದರೆ ಬಂಗಾಳದ ಸಮಸ್ಯೆ ಎಂದೇ ನಾವು ತಿಳಿದಿದ್ದೆವು. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಆ ತಿಳಿವಳಿಕೆಯನ್ನು ಸುಳ್ಳುಮಾಡಿತು. ಮಂಗಳೂರು ಚಿನ್ನದ ಗಣಿ ಪ್ರದೇಶದ ಹತ್ತಿರದ ಈ ಲಂಬಾಣಿ ತಾಂಡಾದ ನಿವಾಸಿಗಳ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದುದನ್ನೂ ಅಲ್ಲಿನ ಅಂತರ್ಜಲದಲ್ಲಿ ಅದು ಹೆಚ್ಚಿದ್ದುದನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. (ಇದು ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಉತ್ತರದ ಊರು.) ಚಿನ್ನವಿರುವ ಶಿಲೆಗಳಲ್ಲಿ ಆರ್ಸೆನಿಕ್ ಸಹ ಜೊತೆಯಾಗಿರುವುದು ಭೂವಿಜ್ಞಾನಕ್ಕೆ ಹಳೆಯ ಸಂಗತಿ.

ಪಕ್ಕದ ಮನೆಯ ವರದಿ ನಮಗಲ್ಲ

ಇಷ್ಟು ಓದಿದವರಲ್ಲಿ ಅನೇಕರು 'ನಮ್ಮ ಬೀದಿಯಲ್ಲಿ ಯಾರೋ ಪರೀಕ್ಷೆ ಮಾಡಿಸಿದ್ದರು, ನೀರು ಚೆನ್ನಾಗಿದೆಯಂತೆ' ಎಂದುಕೊಳ್ಳಬಹುದು. ಇಲ್ಲಿಯೇ ನಾವು ಎಡವುವುದು. ಗಂಗಾ ಬಯಲಿನಂತೆ ಮರಳಿನ ಪದರಗಳಲ್ಲಿ ಹರಡಿ ನಿಂತ ನೀರಲ್ಲ ನಮ್ಮದು. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ನೀರು. ಇಪ್ಪತ್ತು ಅಡಿ ಅಂತರದ ಎರಡು ಕೊಳವೆಬಾವಿಗಳು ಬೇರೆ ಬೇರೆ ಬಿರುಕುಗಳನ್ನು ಸೀಳಿರಬಹುದು. ಒಂದರಲ್ಲಿ ನೀರು ಚಿಮ್ಮಿ ಇನ್ನೊಂದು ಒಣಗಿರುವುದನ್ನು ಎಲ್ಲರೂ ಕಂಡಿದ್ದೇವೆ. ನೀರಿನ ಪ್ರಮಾಣದಲ್ಲಿ ಆ ವ್ಯತ್ಯಾಸವನ್ನು ಸಹಜವೆಂದು ಒಪ್ಪುವ ನಾವು ಗುಣದಲ್ಲಿ ಮಾತ್ರ ಒಪ್ಪುವುದಿಲ್ಲ.

ಮರಳಿನ ಪದರಗಳ ನಾಡಾದ ಬಾಂಗ್ಲಾದೇಶದಲ್ಲಿಯೇ ಬಾವಿಯಿಂದ ಬಾವಿಗೆ ಆರ್ಸೆನಿಕ್ ಪ್ರಮಾಣ ಬದಲಾಗುತ್ತಿತ್ತು. ಅಲ್ಲಿನ ಸರಕಾರ ಈ ಶತಮಾನದ ಆರಂಭದಲ್ಲಿ ಹಳ್ಳಿ ಹಳ್ಳಿಗೆ ಪರೀಕ್ಷಾ ಪೆಟ್ಟಿಗೆ ಕಳುಹಿಸಿ ಸುಮಾರು 50 ಲಕ್ಷ ಕೈಪಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಆ ಬಾವಿಗಳಲ್ಲಿ ಬಹುಪಾಲು ಖಾಸಗಿಯವರದೇ. ಸುರಕ್ಷಿತವಾದದ್ದಕ್ಕೆ ಹಸಿರು, ಅಪಾಯಕಾರಿಯಾದದ್ದಕ್ಕೆ ಕೆಂಪು ಬಣ್ಣ ಬಳಿಯಲಾಯಿತು. ಕಡುಬಡ ದೇಶವೊಂದು ಮಾಡಿದ ಈ ಕೆಲಸದಲ್ಲಿ ಕುಂದುಕೊರತೆ ಇರಲಿಲ್ಲವೆಂದಲ್ಲ. ಬಣ್ಣ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಬಂದವು. ಆದರೂ ಕೆಂಪು ಪಂಪಿನ ಮನೆಯವರು ಹಸಿರು ಪಂಪಿನ ಮನೆಗೆ ಕೊಡ ಹಿಡಿದು ಹೋಗುವುದು ಸಾಧ್ಯವಾಯಿತು. ಪರೀಕ್ಷೆಯ ನಿಜವಾದ ಪ್ರಯೋಜನ ಇದು. ಇಡೀ ಊರಿನ ನೀರು ಕೆಟ್ಟಿದೆ ಎಂಬ ಹೆದರಿಕೆಯ ಬದಲು ಯಾವ ಬಾವಿ ಒಳ್ಳೆಯದು ಎಂಬ ಮಾಹಿತಿ ಸಿಗುತ್ತದೆ.

ನಮ್ಮಲ್ಲಿ ಅಂಕಿ ಅಂಶಗಳಿಲ್ಲವೆಂದಲ್ಲ. ಕೇಂದ್ರೀಯ ಅಂತರ್ಜಲ ಮಂಡಳಿ ದೇಶದ 15 ಸಾವಿರಕ್ಕೂ ಹೆಚ್ಚು ಸ್ಥಳಗಳ ನೀರನ್ನು ಪರಿಶೀಲಿಸಿ ಸಿದ್ಧಪಡಿಸಿದ 2024ರ ವಾರ್ಷಿಕ ವರದಿಯ ಪ್ರಕಾರ ಶೇ. 9.04ರಷ್ಟು ಮಾದರಿಗಳಲ್ಲಿ ಫ್ಲೋರೈಡ್, ಶೇ. 3.55ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಆದರೆ ಇದು ನಾಡಿನ ಆರೋಗ್ಯದ ಚಿತ್ರ. ನಿಮ್ಮ ಮನೆಯ ಬಾವಿಯ ಜಾತಕವಲ್ಲ. ಮೇಲಾಗಿ ಇದೇ ಮಂಡಳಿ 2020ರಲ್ಲಿ ಯುರೇನಿಯಂ ಬಗ್ಗೆ ಪ್ರಕಟಿಸಿದ ವರದಿ ಹೆಸರೇ ಹೇಳುವಂತೆ ಮೇಲುಸ್ತರದ ಅಂತರ್ಜಲವನ್ನು ಕುರಿತದ್ದು. ಜನ ಕುಡಿಯುತ್ತಿರುವುದು ಸಾವಿರ ಅಡಿಯ ನೀರನ್ನು.

ವರದಿ ಓದುವ ಕಷ್ಟ

ಪರೀಕ್ಷೆ ಮಾಡಿಸಬೇಕೆಂದು ಮನಸ್ಸು ಮಾಡಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಸರಕಾರಿ ಕುಡಿಯುವ ನೀರಿನ ಪ್ರಯೋಗಾಲಯಗಳನ್ನು 2021ರಲ್ಲಿ ಸಾರ್ವಜನಿಕರಿಗೂ ತೆರೆಯಲಾಯಿತು. ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ತಮ್ಮ ಬಾವಿಯ ನೀರು ಕೊಟ್ಟು ವರದಿ ಪಡೆಯಬಹುದೆಂಬುದು ನಿಯಮ. ಹಳ್ಳಿಗೆ ಐವರಂತೆ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಪೆಟ್ಟಿಗೆ ಬಳಸಲು ತರಬೇತಿ ಕೊಡುವ ಯೋಜನೆಯೂ ಇದೆ. ಒಳ್ಳೆಯ ಕೆಲಸ. ಆದರೆ ಎರಡು ಮಿತಿಗಳನ್ನು ಗಮನಿಸಬೇಕು. ಈ ವ್ಯವಸ್ಥೆಯ ಕಣ್ಣು ಮುಖ್ಯವಾಗಿ ಗ್ರಾಮೀಣ ಸಾರ್ವಜನಿಕ ಮೂಲಗಳ ಮೇಲಿದೆ. ನಗರದ ಅಂಚಿನ ಖಾಸಗಿ ಬಾವಿ ಅತ್ತ ಪಂಚಾಯಿತಿಗೂ ಸಲ್ಲದೆ ಇತ್ತ ಜಲಮಂಡಳಿಗೂ ಸಲ್ಲದೆ ನಡುವೆ ಉಳಿಯುತ್ತದೆ. ಎರಡನೆಯದಾಗಿ, ಪರೀಕ್ಷಾ ಪೆಟ್ಟಿಗೆ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನಗಳನ್ನು ಬಣ್ಣದ ಮೂಲಕ ತೋರಿಸಬಲ್ಲದು. ಯುರೇನಿಯಂ ಅದಕ್ಕೆ ನಿಲುಕದು. ಅದಕ್ಕೆ ವಿಶೇಷ ಉಪಕರಣವಿರುವ ಪ್ರಯೋಗಾಲಯವೇ ಬೇಕು, ಮತ್ತು 'ಯುರೇನಿಯಂ ಕೂಡ ನೋಡಿ' ಎಂದು ಬಾಯಿಬಿಟ್ಟು ಕೇಳಬೇಕು. ಆರ್ಸೆನಿಕ್ ವಿಷಯದಲ್ಲಿಯೂ ಹಾಗೆಯೇ.

ಈ ಬಾಯಿಬಿಟ್ಟು ಕೇಳುವ ಮಾತು ಮುಖ್ಯವಾದದ್ದು. ಪ್ರಯೋಗಾಲಯದ ವರದಿಯ ಕೊನೆಯಲ್ಲಿ 'ನೀರು ಕುಡಿಯಲು ಯೋಗ್ಯವಾಗಿದೆ' ಎಂಬ ಮುದ್ರೆ ಬಿದ್ದೊಡನೆ ಮನೆಯವರು ನಿಶ್ಚಿಂತರಾಗುತ್ತಾರೆ. ಆ ಮುದ್ರೆಯ ಅರ್ಥ ಇಷ್ಟೇ: ಪರೀಕ್ಷಿಸಿದ ಅಂಶಗಳ ಮಟ್ಟಿಗೆ ಯೋಗ್ಯ. ಗಡಸುತನ, ಕ್ಲೋರೈಡ್, ಪಿಎಚ್, ಕಬ್ಬಿಣ ಎಂಬ ಎಂಟು ಹತ್ತು ಅಂಶಗಳ ಅಗ್ಗದ ಪಟ್ಟಿಯಲ್ಲಿ ಆರ್ಸೆನಿಕ್ ಇರಲೇ ಇಲ್ಲವೆಂದರೆ ವರದಿ ಅದರ ಬಗ್ಗೆ ಮೌನವಾಗಿದೆಯೇ ಹೊರತು ಅಭಯ ಕೊಟ್ಟಿಲ್ಲ. ಅಳತೆಯ ಗೊಂದಲ ಇನ್ನೊಂದು. ಒಂದು ವರದಿಯಲ್ಲಿ ಯುರೇನಿಯಂ 0.045 ಮಿಲಿಗ್ರಾಂ ಎಂದಿರುತ್ತದೆ, ಇನ್ನೊಂದರಲ್ಲಿ 45 ಮೈಕ್ರೋಗ್ರಾಂ ಎಂದು. ಎರಡೂ ಒಂದೇ, ಎರಡೂ ಮಿತಿ ಮೀರಿದವೇ. ಸೊನ್ನೆ ಬಿಂದು ಸೊನ್ನೆ ಎಂದು ಶುರುವಾದ ಸಂಖ್ಯೆಯನ್ನು ಕಂಡು ಏನೂ ಇಲ್ಲವೆಂದು ಸಂತಸಪಟ್ಟವರೂ ಇದ್ದಾರು.

ಎಲ್ಲಕ್ಕಿಂತ ದೊಡ್ಡ ಭ್ರಮೆ ಹುಟ್ಟಿಸಿರುವುದು ಟಿಡಿಎಸ್ ಮೀಟರು. ಶುದ್ಧೀಕರಣ ಯಂತ್ರ ಮಾರಲು ಬರುವ ಯುವಕ ಪೆನ್ನಿನಂಥ ಆ ಸಾಧನವನ್ನು ಲೋಟದಲ್ಲಿ ಅದ್ದಿ ಸಂಖ್ಯೆ ತೋರಿಸುತ್ತಾನೆ. ಅದು ನೀರಿನಲ್ಲಿ ಕರಗಿದ ಒಟ್ಟು ಲವಣಗಳ ಅಂದಾಜು ಮಾತ್ರ. ನಾನೂರು ಎಂದರೆ ಒಳ್ಳೆಯದು, ಒಂಬೈನೂರು ಎಂದರೆ ಕೆಟ್ಟದ್ದು ಎಂದು ಅದರಿಂದ ತೀರ್ಮಾನಿಸುವಂತಿಲ್ಲ. ನಾನೂರರ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಅಡಗಿರಬಹುದು; ಒಂಬೈನೂರರ ನೀರಿನಲ್ಲಿ ಬರೀ ಉಪ್ಪು, ಸುಣ್ಣ ಇರಬಹುದು. ನೂರಾರು ಮಿಲಿಗ್ರಾಂಗಳ ಲೆಕ್ಕದಲ್ಲಿ ಮೂರು ಮಿಲಿಗ್ರಾಂ ಕಾಣುವುದೆಲ್ಲಿ? ಯುರೇನಿಯಂ ಅಂತೂ ಒಂದು ಮಿಲಿಗ್ರಾಮಿನ ಸಾವಿರದ ಭಾಗಗಳ ವ್ಯವಹಾರ.

ಮಾದರಿ ಸಂಗ್ರಹಿಸುವುದರಲ್ಲಿಯೂ ಎಚ್ಚರ ಬೇಕು. ಮೇಲಿನ ತೊಟ್ಟಿಯ ನಲ್ಲಿಯಿಂದಲ್ಲ, ಕೊಳವೆಬಾವಿಯ ಬಾಯಿಂದಲೇ ನೀರು ಹಿಡಿಯಬೇಕು. ಪೈಪಿನಲ್ಲಿ ನಿಂತ ನೀರು ಹೋಗಲೆಂದು ಪಂಪನ್ನು ಐದು ಹತ್ತು ನಿಮಿಷ ಓಡಿಸಬೇಕು. ಫ್ಲೋರೈಡ್ ಪರೀಕ್ಷೆಗೆ ಗಾಜಿಗಿಂತ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯೇ ಸರಿ. ಲೋಹಗಳ ಪರೀಕ್ಷೆಗೆ ಆಮ್ಲ ಬೆರೆಸಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯುವುದು ಒಳಿತು. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ನಂತರವೊಮ್ಮೆ ಪರೀಕ್ಷಿಸಿದರೆ ನೀರಿನ ಏರಿಳಿತ ತಿಳಿಯುತ್ತದೆ. ಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಹಳೆಯ ವರದಿಯನ್ನು ಮರೆತುಬಿಡಬೇಕು.

ನಗರದ ಅಂಚಿನಲ್ಲಿ

2024ರ ಮಾರ್ಚಿನಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿತು. ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿವೆ ಎಂದು ಸರಕಾರವೇ ಹೇಳಿತು. ಟ್ಯಾಂಕರುಗಳಿಗೆ ದರ ನಿಗದಿ ಮಾಡಲಾಯಿತು. ಎಷ್ಟು ಲೀಟರಿಗೆ ಎಷ್ಟು ರೂಪಾಯಿ ಎಂಬ ಚರ್ಚೆ ನಡೆದಷ್ಟು, ಆ ಟ್ಯಾಂಕರು ಯಾವ ಬಾವಿಯಿಂದ ತುಂಬಿಕೊಂಡು ಬಂತು ಎಂಬ ಚರ್ಚೆ ನಡೆಯಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಆಸೆ ಚಿಗುರಿತು. ಆದರೆ ನಗರ ಆ ಹಳ್ಳಿಗಳನ್ನೂ ದಾಟಿ ಬೆಳೆಯುತ್ತಿದೆ. ಹುಬ್ಬಳ್ಳಿ, ಮೈಸೂರು, ತುಮಕೂರುಗಳ ಹೊಸ ಬಡಾವಣೆಗಳ ಕಥೆಯೂ ಹೆಚ್ಚು ಬೇರೆಯಲ್ಲ.

ಅಪಾರ್ಟ್‌ಮೆಂಟ್‌ಗಳಲ್ಲಿ ನೀರು ಮೆದುಗೊಳಿಸುವ ಯಂತ್ರವಿರುತ್ತದೆ. ಸ್ನಾನದ ಮನೆಯ ನಲ್ಲಿಯಲ್ಲಿ ಬಿಳಿ ಪೊರೆ ಕಟ್ಟದಂತೆ ಅದು ನೋಡಿಕೊಳ್ಳುತ್ತದೆ. ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುವ ಆ ಯಂತ್ರ ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಖನಿಜ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನೇರಳಾತೀತ ದೀಪದ ಶುದ್ಧೀಕರಣ ಯಂತ್ರವೂ ಕ್ರಿಮಿಗಳಿಗಷ್ಟೇ. ಆರ್‌ಒ ಯಂತ್ರ ಮಾತ್ರ, ಅದರ ಪೊರೆ ಸರಿಯಾಗಿದ್ದಷ್ಟು ದಿನ, ಫ್ಲೋರೈಡ್ ಮತ್ತು ಯುರೇನಿಯಂ ಎರಡನ್ನೂ ಬಹುಪಾಲು ತಡೆಯುತ್ತದೆ.

ಕಾನೂನಿನಲ್ಲಿರುವ ಬಿರುಕು

ಮಗುವೊಂದು ತೆರೆದ ಕೊಳವೆಬಾವಿಗೆ ಬಿದ್ದಾಗ ಇಡೀ ರಾಜ್ಯ ಟಿ.ವಿ. ಮುಂದೆ ಕೂರುತ್ತದೆ, ಕಾನೂನು ಬಿಗಿಯಾಗಬೇಕೆಂಬ ಕೂಗೇಳುತ್ತದೆ. ಅದು ಸರಿಯಾದದ್ದೇ. ಕೊಳವೆಬಾವಿಯ ನೀರು ವರ್ಷಗಟ್ಟಲೆ ಮಾಡುವ ಹಾನಿಗೆ ಮಾತ್ರ ಅಂಥ ದೃಶ್ಯವಿಲ್ಲ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ, ಇರುವ ಬಾವಿಗಳಿಗೆ ನೋಂದಣಿ ಬೇಕು. ಈ ಕಾಯ್ದೆಯ ಕಾಳಜಿ ಮುಖ್ಯವಾಗಿ ಎಷ್ಟು ನೀರು ಎತ್ತುತ್ತೇವೆ ಎಂಬುದರ ಮೇಲಿದೆ. ಮನೆಯವರೋ ಬಾಡಿಗೆದಾರರೋ ಕುಡಿಯುವ ನೀರಿನ ವರದಿಯನ್ನು ನಿಯತವಾಗಿ ಕೇಳಿ ಪಡೆಯುವ ರೂಢಿ ಬೆಳೆದಿಲ್ಲ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 2002ರಿಂದ ಜಾರಿಯಲ್ಲಿರುವ ಕಾನೂನೊಂದು ಇಲ್ಲಿ ಪ್ರಸ್ತುತ. ಅಲ್ಲಿ ಮನೆ ಕೊಂಡಿರುವ ಕನ್ನಡಿಗರಲ್ಲಿ ಕೆಲವರಿಗಾದರೂ ಇದರ ಪರಿಚಯವಿದ್ದೀತು. ಖಾಸಗಿ ಬಾವಿಯುಳ್ಳ ಮನೆ ಮಾರುವಾಗ ನೀರಿನ ಪರೀಕ್ಷೆ ಕಡ್ಡಾಯ. ಮಾರುವವರು, ಕೊಳ್ಳುವವರು ಇಬ್ಬರೂ ವರದಿ ನೋಡಿದ್ದೇವೆಂದು ಸಹಿ ಹಾಕಬೇಕು. ಬಾಡಿಗೆಗೆ ಕೊಟ್ಟವರು ಐದು ವರ್ಷಕ್ಕೊಮ್ಮೆ ಪರೀಕ್ಷಿಸಿ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಫಲಿತಾಂಶ ಸರಕಾರಕ್ಕೂ ಹೋಗುತ್ತದೆ. ವಿಳಾಸ ಬಯಲು ಮಾಡದೆ ಪ್ರದೇಶವಾರು ಚಿತ್ರವನ್ನು ಜನರ ಮುಂದಿಡಲಾಗುತ್ತದೆ. ಸ್ವಾರಸ್ಯವೆಂದರೆ, ನೀರು ಕೆಟ್ಟಿದ್ದರೆ ಮನೆ ಮಾರಬಾರದೆಂದು ಆ ಕಾನೂನು ಹೇಳುವುದಿಲ್ಲ. ತಿಳಿದು ಕೊಳ್ಳಿ ಎನ್ನುತ್ತದೆ, ಅಷ್ಟೇ.

ನಮ್ಮಲ್ಲಿ ನಿವೇಶನ ಕೊಳ್ಳುವವರು ಋಣಭಾರ ಪತ್ರ ತೆಗೆಸುತ್ತಾರೆ, ಖಾತೆ ನೋಡುತ್ತಾರೆ, ಕಂದಾಯದ ರಸೀದಿ ಕೇಳುತ್ತಾರೆ, ವಾಸ್ತುವನ್ನೂ ಬಿಡುವುದಿಲ್ಲ. ಆ ಕಡತಕ್ಕೆ ಒಂದು ಹಾಳೆ ಸೇರುವುದು ಅಸಾಧ್ಯವೇನಲ್ಲ. ಕೊಳವೆಬಾವಿಯ ನೋಂದಣಿಯ ಸಮಯದಲ್ಲಿ ಒಮ್ಮೆ, ಮನೆ ಕೈಬದಲಾಗುವಾಗ ಒಮ್ಮೆ, ಟ್ಯಾಂಕರಿಗೆ ನೀರು ಮಾರುವ ಬಾವಿಯಾದರೆ ವರ್ಷಕ್ಕೊಮ್ಮೆ ವರದಿ ಕೇಳಬೇಕೆಂಬುದು ಅತಿಯಾದ ಬೇಡಿಕೆಯಲ್ಲ. ಜಾಗದ ಬೆಲೆ ಬೀಳುತ್ತದೆಂಬ ಆಕ್ಷೇಪ ಬರುತ್ತದೆ. ಬೀಳಬಹುದು. ಆದರೆ ಕೊಳ್ಳುವವನಿಗೆ ತಿಳಿಯಬಾರದೆಂಬ ಕಾರಣಕ್ಕೆ ಉಳಿದ ಬೆಲೆ ಯಾರ ಜೇಬಿನಿಂದ ಬಂದದ್ದು?

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇಷ್ಟು ಮಾದರಿಗಳನ್ನು ಪರೀಕ್ಷಿಸಲು ಪ್ರಯೋಗಾಲಯಗಳೆಲ್ಲಿವೆ? ಕಡ್ಡಾಯ ಮಾಡಿದ ಮರುದಿನವೇ ಬಾವಿಯ ಮುಖ ನೋಡದೆ ವರದಿ ಬರೆದುಕೊಡುವ ಅಂಗಡಿಗಳು ಹುಟ್ಟಿಕೊಳ್ಳುವುದಿಲ್ಲವೇ? ವಾಹನಗಳ ಹೊಗೆ ಪ್ರಮಾಣಪತ್ರದ ಕಥೆ ಕಂಡವರಿಗೆ ಈ ಸಂಶಯ ಸಹಜ. ಆದ್ದರಿಂದ ರಾಜ್ಯವಿಡೀ ಒಂದೇ ಏಟಿಗೆ ಎನ್ನುವುದಕ್ಕಿಂತ, ಬಂಡೆಯ ಸ್ವಭಾವದಿಂದಲೇ ಅಪಾಯ ಹೆಚ್ಚೆಂದು ಗೊತ್ತಿರುವ ಪೂರ್ವದ ಜಿಲ್ಲೆಗಳಲ್ಲಿ ಫ್ಲೋರೈಡ್ ಮತ್ತು ಯುರೇನಿಯಂ, ಚಿನ್ನದ ಶಿಲೆಯಿರುವ ರಾಯಚೂರು, ಯಾದಗಿರಿಗಳಲ್ಲಿ ಆರ್ಸೆನಿಕ್ ಎಂದು ಆರಂಭಿಸುವುದು ವಿವೇಕ. ಅದಕ್ಕೆ ಮೊದಲು ಆ ಜಿಲ್ಲೆಗಳ ಸರಕಾರಿ ಪ್ರಯೋಗಾಲಯಗಳಿಗೆ ಯುರೇನಿಯಂ ಅಳೆಯುವ ಉಪಕರಣ, ಅದನ್ನು ನಡೆಸಬಲ್ಲ ಸಿಬ್ಬಂದಿ ಸಿಗಬೇಕು.

ಕೆಟ್ಟ ವರದಿ ಬಂದವರು ಮಾಡುವುದೇನು? ಬಾವಿ ಮುಚ್ಚಬೇಕಿಲ್ಲ. ಫ್ಲೋರೈಡಾಗಲಿ ಯುರೇನಿಯಮ್ಮಾಗಲಿ ಚರ್ಮದ ಮೂಲಕ ದೇಹಕ್ಕೆ ಇಳಿಯುವುದು ತೀರ ನಗಣ್ಯ. ಸ್ನಾನ, ಬಟ್ಟೆ, ಪಾತ್ರೆಗಳಿಗೆ ಅದೇ ನೀರು ಸಾಕು. ಕುಡಿಯಲು ಮತ್ತು ಅಡುಗೆಗೆ ಬೇಕಾದ ಕೆಲವು ಕೊಡಗಳಿಗಷ್ಟೇ ಬೇರೆ ದಾರಿ ಹುಡುಕಬೇಕು. ಆರ್‌ಒ ಒಂದು ದಾರಿ, ಆದರೆ ಅದು ಹೊರಚೆಲ್ಲುವ ನೀರಿನಲ್ಲಿ ತಡೆದ ಖನಿಜವೆಲ್ಲ ಸೇರಿರುತ್ತದೆ. ಅದನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಸುತ್ತು ಮತ್ತೆ ಶುರು. ಇನ್ನೊಂದು ದಾರಿ ಸೂರಿನ ಮೇಲೆ ಬೀಳುವ ಮಳೆ. ಅದು ಬಂಡೆಯನ್ನು ಮುಟ್ಟಿಯೇ ಇಲ್ಲವಾದ್ದರಿಂದ ಫ್ಲೋರೈಡಿನ ಗೊಡವೆಯಿಲ್ಲ. ಸೋಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟು ಕುದಿಸಿ ಕುಡಿಯಬಹುದು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯವಾಗಿದೆ. ಎಷ್ಟೋ ಮನೆಗಳಲ್ಲಿ ಆ ಕೊಳವೆ ಈಗಲೂ ನೇರವಾಗಿ ಬೀದಿಯ ಮೋರಿಗೆ ಇಳಿಯುತ್ತದೆ.